ಎರಡು ಹೊತ್ತಿನ ಹನಿ

"ನಿಮ್ಮ ಯಜಮಾನರ ಕಣ್ಣಿನ ನರ ಪೂರ್ತಿ ಒಣಗಿದೆ. ಹೋದ ದೃಷ್ಟಿ ಇನ್ನು ಬರಲ್ಲಮ್ಮ," ಎಂದರು ಡಾಕ್ಟರು. "ಗ್ಲಾಕೋಮಾಗೆ ಕೊಟ್ಟ ಹನಿ ಹಾಕೋದು ನಿಲ್ಲಿಸಿಬಿಟ್ರಾ?"

ಅವಳಿಗೆ ರೇಗಿತು. "ಎರಡು ವರ್ಷದಿಂದ ಬೆಳಿಗ್ಗೆ, ಸಂಜೆ ನಾನೇ ಹಾಕ್ತಿದೀನಿ. ಒಂದು ದಿನವೂ ತಪ್ಪಿಸಿಲ್ಲ, ಬೇಕಾದ್ರೆ ಇವ್ರನ್ನೇ ಕೇಳಿ."

ಪಕ್ಕದಲ್ಲಿ ಕೂತಿದ್ದ ಗಂಡ ಹೌದೆಂದು ತಲೆಯಾಡಿಸಿದ. ಹನಿ ಹಾಕಿದೊಡನೆ ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಮದ್ದು ಉರಿಯುತ್ತದೇನೋ ಎಂದು ಅವಳು ತಿಳಿದಿದ್ದಳು.

"ಹೇಗೆ ಹಾಕ್ತೀರಿ, ತೋರಿಸಿ."

ಅವಳು ಗಂಡನ ಗದ್ದ ಎತ್ತಿ ಹಿಡಿದು, ಎಂದಿನಂತೆ ಬಾಟಲಿ ಅದುಮಿದಳು. ಡಾಕ್ಟರು ಎದ್ದು ಬಂದರು. ಟಾರ್ಚನ್ನು ಅವಳ ಕಣ್ಣಿಗೇ ಹಿಡಿದರು.

"ನಿಮಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಗಾಬರಿ ಬೇಡ, ಆಪರೇಷನ್ ಮಾಡಿದ್ರೆ ಚೆನ್ನಾಗಿ ಕಾಣುತ್ತೆ."

"ನನ್ನ ಕಣ್ಣು ಹಾಳಾಗ್ಲಿ. ಇವ್ರಿಗೆ ಯಾಕೆ ಹೀಗಾಯ್ತು ಹೇಳಿ."

ಡಾಕ್ಟರು ಗಂಡನತ್ತ ತಿರುಗಿದರು. "ನಿಮಗೆ ಗೊತ್ತಾಗ್ತಿರಲಿಲ್ವಾ?"

"ಗೊತ್ತಾಗ್ತಿತ್ತು. ದಿನಾ ಕೆನ್ನೆ ಮೇಲೇ ಬೀಳ್ತಿತ್ತು," ಎಂದ ಗಂಡ. "ಹೇಳಿದ್ರೆ ತನ್ನ ಕಣ್ಣೂ ಹೋಯ್ತು ಅಂತ ಇವಳು ಹೆದರ್ತಾಳಲ್ಲ ಅಂತ ಸುಮ್ನಿದ್ದೆ."