ವಾಪಸ್ ಕೊಟ್ಟ ಕಸುಬು

ಕೆಲಸದಿಂದ ತೆಗೆಯುವಾಗ ಮಿಲ್ಲಿನವರು ಬೆರಳಿನಿಂದ ಕಸುಬನ್ನೂ ಇಳಿಸಿಕೊಳ್ಳುವುದು ವಾಡಿಕೆ. ವಾಪಸ್ ಕರೆದಾಗ ಏರಿಸಿ ಕೊಡುತ್ತಾರೆ. ಹಾಗಾಗಿ ಕೆಲಸ ಹೋದಾಗಿನಿಂದ ಬಸಲಿಂಗವ್ವ ಇಷ್ಟು ವರ್ಷ ಒಂದು ಮೊಳ ಹೂವನ್ನೂ ತಾನೇ ಕಟ್ಟಿ ಮುಡಿದಿರಲಿಲ್ಲ.

"ಮರುನೇಮಕ ಆಗೇತಿ, ಕೈ ಇಡ್ರಿ" ಎಂದು ಮೇಸ್ತ್ರಿ ಕಸುಬು ಏರಿಸುವ ಪೆಟ್ಟಿಗೆ ತೋರಿಸಿದ.

ಪೆಟ್ಟಿಗೆಯೊಳಗೆ ಬೆರಳು ಜುಮ್ಮೆಂದವು. ಕೈ ಹೊರತೆಗೆದು, ಪರೀಕ್ಷೆಗೆಂದು ಕೊಟ್ಟ ತುಂಡಾದ ನೂಲು ಹಿಡಿದಳೋ ಇಲ್ಲವೋ, ಗಂಟು ಬಿದ್ದೇಬಿಟ್ಟಿತು! ಖುಷಿಗೆ ಅಳುವೇ ಬಂತು. ಆಮೇಲೆ ಹೆಬ್ಬೆರಳು ತನ್ನಷ್ಟಕ್ಕೆ ಮೇಲೆ ಹೋಗಿ ಕಿವಿಯ ಓಲೆಯನ್ನು ಸವರಿತು. ಇನ್ನೊಂದು ಗಂಟು, ಮತ್ತೆ ಓಲೆ.

ಬಸಲಿಂಗವ್ವ ನೂಲು ಕೆಳಗಿಟ್ಟಳು. ಹೀಗೆ ಗಂಟಿಗೊಮ್ಮೆ ಓಲೆ ಸವರುತ್ತಿದ್ದವಳು ಆಗ ಪಕ್ಕದ ಮೆಷಿನ್ನಿನಲ್ಲಿದ್ದ ಮಾಬೂಬಿ.

"ಇದು ನಂದಲ್ರೀ ಮೇಸ್ತ್ರಿ!"

"ನಿಮ್ದು ಕೆಟ್ಟು ಹೋಗಿತ್ತು. ಇದ್ದುದ್ರಾಗ ಚಲೋದು ಹಾಕೇವಿ. ಸುಮ್ನ ಹೋಗ್ರಿ."

ಗೇಟಿನ ಹೊರಗೆ ಸರದಿಯಲ್ಲಿ ನಿಂತಿದ್ದ ಮಾಬೂಬಿ ಓಡಿ ಬಂದಳು. "ಬಂತೇನಕ್ಕಾ ಕೈ? ಮುಂದಿಂದು ನಂದ ಪಾಳಿ!" ಎನ್ನುತ್ತ ತನ್ನ ಬುತ್ತಿಚೀಲದ ಹರಿದ ದಾರ ಮುಂದೆ ಹಿಡಿದಳು. "ಇದನ್ನ ಕಟ್ಟು, ನೋಡೂಣು."

ಬಸಲಿಂಗವ್ವ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಬೆರಳು ಗಂಟು ಹಾಕಿ ಮುಗಿಸಿದ್ದವು. ಹೆಬ್ಬೆರಳು ಮೆಲ್ಲಗೆ ಕಿವಿಯತ್ತ ಏರಿತು. ಅದನ್ನೇ ನೋಡುತ್ತಿದ್ದ ಮಾಬೂಬಿಯ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು.