ದೇಹಕ್ಕೆ ಐವತ್ತೊಂದು

"ಅತ್ತೆ, ನಿಮ್ಮ ದೇಹದ ವಯಸ್ಸು ಐವತ್ತೊಂದು. ಮಾವ, ನಿಮ್ಮದು ಎಪ್ಪತ್ತೆಂಟು."

ಫೋನಿನಲ್ಲಿ ರಿಪೋರ್ಟ್ ಓದಿ ಸಂಹಿತಾ ತಲೆಯೆತ್ತಿದಳು. ಲ್ಯಾಬಿನಲ್ಲಿ ಕೆಲಸ ಮಾಡುವ ಅವಳೇ ಸೋದರತ್ತೆ ಜಯಾ ಮತ್ತು ಮಾವ ಚಕ್ರಪಾಣಿಯವರ ರಕ್ತ ತೆಗೆದುಕೊಂಡು ಹೋಗಿದ್ದಳು. ಅಸಲಿಗೆ ಜಯಾಗೆ ಅರವತ್ತೆರಡು, ಚಕ್ರಪಾಣಿಗೆ ಅರವತ್ತೇಳು.

"ಜಾತಕದಲ್ಲಿ ಇಲ್ಲದ ವಯಸ್ಸು ಎಲ್ಲಿಂದ ಬಂತಮ್ಮ?" ಚಕ್ರಪಾಣಿ ಮುಖ ದಪ್ಪ ಮಾಡಿಕೊಂಡರು.

"ಜೀನ್ ಅವೇ ಇರ್ತವೆ ಮಾವ. ಯಾವುದು ಆನ್, ಯಾವುದು ಆಫ್ ಅನ್ನೋದು ವರ್ಷ ಕಳೆದ ಹಾಗೆ ಬದಲಾಗುತ್ತೆ. ಹಾರ್ಮೋನು, ನಿದ್ದೆ, ಓಡಾಟ ಎಲ್ಲದರ ಕೈವಾಡಾನೂ ಇರುತ್ತೆ. ಆ ಗುರುತು ನೋಡಿ ಹೇಳೋ ಅಂದಾಜು ಇದು, ಅಷ್ಟೆ. ವಾಕಿಂಗ್ ಮಾಡಿ, ಸ್ವಲ್ಪ ಇಳೀಬಹುದು."

"ಏರಿಸ್ಕೊಳ್ಳೋಕೂ ಬರುತ್ತಾ?" ಎಂದು ಜಯಾ ಕೇಳಿದರು. ಸಂಹಿತಾ ನಕ್ಕುಬಿಟ್ಟಳು. ಅತ್ತೆ ನಗಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಸಂಹಿತಾ ಬಂದಾಗ ಅತ್ತೆಯ ಮುಖ ಊದಿಕೊಂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅನುಮಾನ ಬಂದು ಕಪಾಟು ತೆರೆದರೆ, ಅತ್ತೆ ದಿನಾ ನುಂಗಬೇಕಾದ ಥೈರಾಯ್ಡ್ ಮಾತ್ರೆಯ ಡಬ್ಬಿಯ ಸೀಲೇ ಒಡೆದಿರಲಿಲ್ಲ. ಚಕ್ರಪಾಣಿಯವರಿಗೆ ತಲೆಬುಡ ಅರ್ಥವಾಗಲಿಲ್ಲ. ತಾವು ದಿನಾ ಯಡಿಯೂರು ಕೆರೆ ಸುತ್ತಿ ವಯಸ್ಸು ಇಳಿಸಿಕೊಳ್ಳಲು ಒದ್ದಾಡುತ್ತಿದ್ದರೆ, ಇವಳು ಮನೆಯಲ್ಲಿ ಕೂತು ಇದೇನು ಮಾಡಿಕೊಂಡಳು?

"ಮಾತ್ರೆ ಯಾಕತ್ತೆ ಬಿಟ್ರಿ?"

"ಅದೂ ಹಾರ್ಮೋನೇ ಅಂತ ಡಾಕ್ಟ್ರು ಹೇಳಿದ್ರಲ್ಲ. ಬಿಟ್ರೆ ವಯಸ್ಸು ಏರುತ್ತೇನೋ ಅಂದ್ಕೊಂಡೆ." ಜಯಾ ಗಂಡನ ಕಡೆ ನೋಡಲಿಲ್ಲ. "ಮುತ್ತೈದೆಯಾಗಿ ಹೋಗ್ಬೇಕು ಅಂತ ನಲವತ್ತು ವರ್ಷದಿಂದ ಗೌರಿ ಹತ್ರ ಬೇಡ್ಕೊಂಡಿದೀನಿ. ಇವರಿಗೆ ಎಪ್ಪತ್ತೆಂಟು, ನನಗೆ ಐವತ್ತೊಂದು ಅಂದ್ರೆ ಹಿಂದೆ ಉಳಿಯೋಳು ನಾನೇ ತಾನೇ?"

"ಅಯ್ಯೋ ಅತ್ತೆ, ಯಾರು ಮೊದಲು ಹೋಗ್ತಾರೆ ಅಂತ ಅದು ಹೇಳಲ್ಲ. ಮಾತ್ರೆ ಬಿಟ್ರೆ ಕಾಯಿಲೆ ಜಾಸ್ತಿ ಆಗುತ್ತೆ ಅಷ್ಟೆ."

ಜಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ರಿಪೋರ್ಟನ್ನು ನಂಬಬೇಕೋ ಸಂಹಿತಾಳ ಮಾತನ್ನು ನಂಬಬೇಕೋ ಅವರಿಗೆ ತಿಳಿಯದಾಗಿತ್ತು.

ಚಕ್ರಪಾಣಿಗೆ ಸಿಟ್ಟು ಬಂತೋ ಅಳು ಬಂತೋ ಅವರಿಗೇ ಗೊತ್ತಾಗಲಿಲ್ಲ. ಡಬ್ಬಿಯ ಸೀಲು ಒಡೆದು ಒಂದು ಮಾತ್ರೆ ಹೆಂಡತಿಯ ಅಂಗೈಗೆ ಹಾಕಿದರು. ನೀರಿನ ಲೋಟ ತಂದು ಮುಂದೆ ಹಿಡಿದರು.

"ನಲವತ್ತು ವರ್ಷ ನೀನು ಬೇಡ್ಕೊಂಡಿದ್ದು ನಾನು ಒಬ್ಬನೇ ಉಳೀಲಿ ಅಂತಾನಾ, ಜಯಾ?"