ಕಾವಲುಗಾರನ ಗಂಟು

ಅನ್ನರೂಪದಿಂದ ಸಕಲ ಜೀವಿಗಳ ಒಡಲಲ್ಲಿ ನೆಲೆಸಿ, ಕ್ಷುಧೆಯೆಂಬ ಅಗ್ನಿಯನ್ನು ತಣಿಸುವ ಪರಮಾತ್ಮನಿಗೆ ವಂದನೆ. ಇನ್ನು ಕಥೆ.

ಡಬ್ಬಿಯಲ್ಲಿ ಅಕ್ಕಿ ಮತ್ತೆ ತಗ್ಗಿತ್ತು. ಸರ್ಕಾರಿ ಗೋದಾಮಿನ ಕಾವಲುಗಾರನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಗಂಡ ಎರಡು ಬೊಗಸೆ ಅಕ್ಕಿಯನ್ನು ಗಂಟು ಕಟ್ಟಿ, ಅಂಗಿಯೊಳಗೆ ಅಡಗಿಸಿಕೊಂಡು, ಸದ್ದಿಲ್ಲದೆ ಹೊರಟ. ಮಕ್ಕಳು ತೆಳುಗಂಜಿ ಕುಡಿದು ಶಾಲೆಗೆ ಹೋಗಿದ್ದವು. ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

"ಬೆಳಗ್ಗೆ ಗಂಟು ಹೊತ್ತು ಹೋಗೋ ಗಂಡಸು ಸಂಜೆ ಬರಿಗೈಲಿ ಬಂದ್ರೆ, ಎಲ್ಲೋ ಇನ್ನೊಂದು ಒಲೆ ಉರೀತಿದೆ ಅಂತ ಕಣೇ," ಎಂದು ಪಕ್ಕದ ಮನೆಯಾಕೆ ಚುಚ್ಚಿದ್ದಳು.

ಆ ಒಲೆಯನ್ನು ನೋಡಿಯೇಬಿಡೋಣವೆಂದು ಇಂದು ಅವಳು ಹಿಂಬಾಲಿಸಿದಳು.

ಗಂಡ ಯಾವ ಮನೆಯತ್ತಲೂ ತಿರುಗಲಿಲ್ಲ. ನೆಟ್ಟಗೆ ಗೋದಾಮಿಗೆ ಹೋಗಿ, ಬಾಗಿಲ ಮುಂದಿನ ಕಟ್ಟೆಯ ಮೇಲೆ ಅಕ್ಕಿಯನ್ನೆಲ್ಲ ಚೆಲ್ಲಿದ. ಛಾವಣಿಯಿಂದ ಪಾರಿವಾಳಗಳು ಧುಮುಕಿದವು.

"ಏನ್ರೀ ಇದು? ಮಕ್ಕಳ ಹೊಟ್ಟೆ ಕಟ್ಟಿ ಹಕ್ಕಿಗೆ ಹಾಕ್ತಿದ್ದೀರಾ? ಪುಣ್ಯ ಬೇಕಿದ್ರೆ ಒಳಗಡೆ ಬೆಟ್ಟದಷ್ಟು ಬಿದ್ದಿದೆಯಲ್ಲ, ಅದರಲ್ಲೇ ಒಂದು ಹಿಡಿ ಚೆಲ್ಲಿ!"

ಆತ ಬೆಚ್ಚಿ ತಿರುಗಿದ. "ಅದರಲ್ಲಿ ಒಂದು ಕಾಳೂ ತೆಗೆಯೋಕಾಗಲ್ಲ ಕಣೇ. ಮೆಲ್ಲಗೆ ಮಾತಾಡು, ಸಾಹುಕಾರ್ರು ಬರ್ತಿದ್ದಾರೆ."

ಪೇಟೆಯ ಅಕ್ಕಿಯೆಲ್ಲ ಆ ಸಾಹುಕಾರನ ಮಳಿಗೆಯಲ್ಲಿತ್ತು. ಹೊಸ ಬೆಳೆ ಬರಲು ಇನ್ನೂ ಕಾಲವಿತ್ತು; ಅಲ್ಲಿಯವರೆಗೆ ಅವನು ಹೇಳಿದ್ದೇ ಬೆಲೆ. ಆದರೆ ಬೆಲೆ ಏರಿದರೆ ಗೋದಾಮು ತೆರೆದು ಅಗ್ಗದಲ್ಲಿ ಮಾರುವುದಾಗಿ ಸರ್ಕಾರ ಸಾರಿತ್ತು. ಹಾಗಾದರೆ ಅವನ ದಾಸ್ತಾನನ್ನು ಕೇಳುವವರೇ ಇರುವುದಿಲ್ಲ.

ಗುಮಾಸ್ತನೊಡನೆ ಬಂದ ಸಾಹುಕಾರ ಪಾರಿವಾಳಗಳನ್ನು ಕಂಡು ಮೋರೆ ಸಿಂಡರಿಸಿದ. "ಇವತ್ತೂ ಮುತ್ತಿಕೊಂಡಿವೆ. ಒಳಗೆ ಚೀಲ ತುಂಬಿ ಸೋರದೆ ಇವು ಬರ್ತಾವೇನಯ್ಯಾ? ಹಳೇ ಬೆಲೆಗೇ ಮಾರು."

"ಇನ್ನೊಂದು ವಾರ ಕಾದು ನೋಡೋಣ್ವಾ ಧಣಿ?" ಎಂದ ಗುಮಾಸ್ತ.

"ನಷ್ಟ ನಿಮ್ಮಪ್ಪ ತುಂಬಿಕೊಡ್ತಾನಾ? ಮಾರು ಅಂದೆ."

ಇಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾದರು.

"ನಾಳೆಯಿಂದ ಡಬ್ಬಿಗೆ ಕೈ ಹಾಕಿದ್ರೆ, ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ," ಎಂದಳು ಹೆಂಡತಿ. ದನಿಯಲ್ಲಿ ಏರಿಳಿತವಿರಲಿಲ್ಲ.

ಕಾವಲುಗಾರ ಅತ್ತಿತ್ತ ನೋಡಿ ಬೀಗ ತೆಗೆದ. ಬಾಗಿಲನ್ನು ಒಬ್ಬರು ನುಸುಳುವಷ್ಟು ಸರಿಸಿದ.

ಅವಳು ಒಳಹೊಕ್ಕು, ನಿಂತು, ಹೊರಬಂದಳು. ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.

"ನಾಳೆ ಇನ್ನೊಂದು ಬೊಗಸೆ ಜಾಸ್ತಿ ತನ್ನಿ," ಎಂದಳು.

ಒಳಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಒಂದೇ ಒಂದು ಚೀಲವೂ ಇರಲಿಲ್ಲ.

ಇದನ್ನು ಕೇಳಿದ ಸರ್ವರ ಮನೆಯಲ್ಲೂ ಉಂಡು ಮಿಗುವಷ್ಟು ಅನ್ನವಿರಲಿ.